ಹೆಣದ ಮುಂದೆ ಲೆಕ್ಕ ಹಾಕುವ ಮೇಷ್ಟ್ರು



ಇಲ್ಲಿ ನಾನು ಸಾಮಾನ್ಯವಾಗಿ ಬರೆಯುವುದು ಹಳೆಯ ಶಾಲೆಯ ನೆನಪುಗಳನ್ನು, ಗತಿಸಿದ ಸಹೋದ್ಯೋಗಿಗಳ ಗುಣಗಳನ್ನು, ಹೆಚ್ಚೆಂದರೆ ಗಣಿತ ಬೋಧನೆಯ ಬಗ್ಗೆ ನಾಲ್ಕು ಮಾತುಗಳನ್ನು. ಇಂದು ಹಾಗಲ್ಲ. ಇಂದು ನಾನು ಜಗಳಕ್ಕೇ ಕುಳಿತಿದ್ದೇನೆ. ಓದುವವರಲ್ಲಿ ಕೆಲವರು ನನ್ನ ಹತ್ತಿರದ ನೆಂಟರೇ ಆದ್ದರಿಂದ ಮುನಿಸು ಬರಬಹುದು. ಬಂದರೂ ಚಿಂತೆಯಿಲ್ಲ, ಪೂರ್ತಿ ಓದಿ ಆಮೇಲೆ ಮುನಿಸಿಕೊಳ್ಳಿ ಎಂಬುದಷ್ಟೇ ನನ್ನ ಕೋರಿಕೆ.

ಕಳೆದ ತಿಂಗಳು ನಮ್ಮ ಬಂಧುವರ್ಗದ ಒಂದು ಮನೆಯಲ್ಲಿ ಸಾವಾಯಿತು. ಮೂವತ್ತೆರಡರ ಹುಡುಗ. ಸ್ವಂತ ಗೂಡ್ಸ್ ಆಟೋ ಇಟ್ಟುಕೊಂಡು ಸಂಸಾರ ನಡೆಸುತ್ತಿದ್ದವನು. ಹಿಂದಿನಿಂದ ಬಂದ ಟಿಪ್ಪರ್ ಲಾರಿ ಗುದ್ದಿ ಸ್ಥಳದಲ್ಲಿಯೇ ಹೋದ. ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ ಉಳಿದರು. ವೈಕುಂಠ ಸಮಾರಾಧನೆಯ ಊಟ ಮುಗಿದು ಎಲೆ ಅಡಿಕೆ ತಟ್ಟೆ ತಿರುಗುತ್ತಿದ್ದಾಗ ಹಿರಿಯರೊಬ್ಬರು ಮಾತು ತೆಗೆದರು. ಲಾರಿ ಮಾಲೀಕ ಮೂರು ಲಕ್ಷ ಕೊಡಲು ಒಪ್ಪಿದ್ದಾನಂತೆ. ಕೋರ್ಟು ಕಚೇರಿ ಬೇಡವಂತೆ. ನಾಳೆಯೇ ಛಾಪಾ ಕಾಗದದ ಮೇಲೆ ಸಹಿಯಾದರೆ ನಾಳೆಯೇ ಹಣವಂತೆ. “ಹೋದ ಜೀವ ಬರುತ್ತದೆಯೇ? ಕೊಟ್ಟಷ್ಟು ಇಸಕೊಂಡು ಮುಗಿಸಿಬಿಡೋದು ಒಳ್ಳೇದು” ಎಂದು ಸುತ್ತ ಕುಳಿತವರೆಲ್ಲ ತಲೆಯಾಡಿಸಿದರು.

ನಾನು ಜೇಬಿನಿಂದ ಪೆನ್ನು ತೆಗೆದು, ಸಾಮಾನಿನ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಹಾಕತೊಡಗಿದೆ. ಆಗ ಒಬ್ಬರು ಎಲ್ಲರಿಗೂ ಕೇಳುವಂತೆ ಹೇಳಿದರು: “ಮೇಷ್ಟ್ರು ಹೆಣದ ಮುಂದೆಯೂ ಲೆಕ್ಕ ಹಾಕ್ತಾರೆ ಬಿಡಿ.”

ಆ ಮಾತಿಗೆ ಉತ್ತರವೇ ಈ ಬರಹ. ಹೌದು, ಹಾಕುತ್ತೇನೆ. ಒಮ್ಮೆ ಹಾಕದೆ ಬಿಟ್ಟ ಪಾಪ ನನ್ನ ತಲೆಯ ಮೇಲಿದೆ.

ಅದು 2003ರ ಮಾತು. ಹಾಸನ ಸೀಮೆಯ ಒಂದು ಹಳ್ಳಿ. ಊರು, ಹೆಸರು ಯಾವುದನ್ನೂ ಬರೆಯುವುದಿಲ್ಲ. ನನ್ನ 1987ರ ಎಸ್ಸೆಸ್ಸೆಲ್ಸಿ ತಂಡದ ಒಬ್ಬ ಹುಡುಗ. ಲೆಕ್ಕದಲ್ಲಿ ಬಹಳ ಹಿಂದು, ಕೈಗೆಲಸದಲ್ಲಿ ಬಹಳ ಮುಂದು. ಶಾಲೆಯ ಕೆಟ್ಟುಹೋದ ವಿದ್ಯುತ್ ಗಂಟೆಯನ್ನು ಹತ್ತನೆಯ ತರಗತಿಯಲ್ಲಿದ್ದಾಗಲೇ ಬಿಚ್ಚಿ ಸರಿಮಾಡಿ, “ಸಾರ್, ಲೆಕ್ಕದಲ್ಲಿ ಮೂವತ್ತೈದು ಹಾಕಿಬಿಡಿ” ಎಂದು ನಕ್ಕವನು. ಮುಂದೆ ವೈರಿಂಗ್ ಕೆಲಸ ಹಿಡಿದು ತಿಂಗಳಿಗೆ ಮೂರು ಸಾವಿರದಷ್ಟು ದುಡಿಯುತ್ತಿದ್ದ. ಒಂದು ಸಂಜೆ ಕೆಲಸ ಮುಗಿಸಿ ಮೊಪೆಡ್ಡಿನಲ್ಲಿ ಹಿಂದಿರುಗುವಾಗ ಹೆದ್ದಾರಿಯಲ್ಲಿ ಲಾರಿ ಬಡಿದು ತೀರಿಕೊಂಡ. ಆಗ ಅವನಿಗೂ ಮೂವತ್ತೆರಡೇ ವರ್ಷ. ಮಗಳಿಗೆ ಆರು, ಮಗನಿಗೆ ಮೂರು.

ಹತ್ತು ದಿನ ಕಳೆಯುವ ಮೊದಲೇ ಲಾರಿಯ ಕಡೆಯವರು ಬಂದರು. ಅವರ ಮನೆಯ ಜಗಲಿಯ ಮೇಲೆ ಪಂಚಾಯಿತಿ ಸೇರಿತು. ಊರಿನ ಹಿರಿಯರು, ಸತ್ತವನ ಅಣ್ಣತಮ್ಮಂದಿರು, ಜೊತೆಗೆ “ಓದಿದವರೊಬ್ಬರು ಇರಲಿ” ಎಂದು ಕರೆಸಿದ್ದ ನಾನು. ಬಂದವರು ಮೊದಲು ಹೆದರಿಸಿದರು: ಗಾಡಿಗೆ ಹಿಂದಿನ ದೀಪವಿರಲಿಲ್ಲ, ತಪ್ಪು ನಿಮ್ಮವನದೇ, ಕೋರ್ಟಿಗೆ ಹೋದರೆ ಬಿಡಿಗಾಸೂ ಹುಟ್ಟುವುದಿಲ್ಲ. ಆಮೇಲೆ ಕನಿಕರ ತೋರಿದರು: ಆದರೂ ಮಾನವೀಯತೆಯಿಂದ ಅರವತ್ತು ಸಾವಿರ ಕೊಡುತ್ತೇವೆ. ಹಿರಿಯರು ನನ್ನ ಕಡೆ ತಿರುಗಿ, “ಮೇಷ್ಟ್ರೇ, ನೀವೇನಂತೀರಿ?” ಎಂದರು. ನಾನು, “ದೊಡ್ಡವರು ಸೇರಿದ್ದೀರಿ, ನೀವು ಹೇಳಿದ ಹಾಗೆ” ಎಂದೆ. ಆ ಹೆಣ್ಣುಮಗಳು ಒಳಗಿನ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಕಾಗದವನ್ನು ಒಳಗೇ ಕೊಟ್ಟರು, ಸಹಿಯಾಗಿ ಹೊರಗೆ ಬಂತು. ಹಣ ಮೈದುನನ ಕೈಗೆ ಹೋಯಿತು. ನಾನು ಕಾಫಿ ಕುಡಿದು ಎದ್ದು ಬಂದೆ.

ಹತ್ತು ವರ್ಷಗಳ ಮೇಲೆ, 2013ರಲ್ಲಿ, ಆ ಮಗಳೇ ನನ್ನ ವಿದ್ಯಾರ್ಥಿನಿಯಾಗಿ ಎಸ್ಸೆಸ್ಸೆಲ್ಸಿ ಪಾಸಾದಳು. ಲೆಕ್ಕದಲ್ಲಿ ಶಾಲೆಗೆ ಮೊದಲಿಗಳು. ಟಿ.ಸಿ. ತೆಗೆದುಕೊಳ್ಳಲು ಬಂದಾಗ, “ಯಾವ ಕಾಲೇಜಮ್ಮಾ? ಸೈನ್ಸ್ ತಾನೇ?” ಎಂದು ಉತ್ಸಾಹದಿಂದ ಕೇಳಿದೆ. “ಇಲ್ಲ ಸಾರ್, ಗಾರ್ಮೆಂಟ್ಸ್‌ಗೆ ಸೇರ್ತೀನಿ. ತಮ್ಮ ಓದಬೇಕಲ್ಲ” ಎಂದಳು. ತಂದೆಯ ಪರಿಹಾರದ ಹಣ ಏನಾಯಿತೆಂದು ಕೇಳಿದ್ದಕ್ಕೆ, ಚಿಕ್ಕಪ್ಪನ ಟ್ರ್ಯಾಕ್ಟರಿನ ಮೊದಲ ಕಂತಿಗೆ ಹೋಯಿತೆಂದು ಹೇಳಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಸಿಟ್ಟಿಲ್ಲದ ದನಿಯಲ್ಲಿ, “ಅವತ್ತು ನೀವೂ ಅಲ್ಲಿದ್ರಂತಲ್ಲ ಸಾರ್?” ಎಂದಳು.

ನಾನು ಟಿ.ಸಿ.ಗೆ ಸಹಿ ಮಾಡಿಸಿ ಕೊಟ್ಟೆ. ಅವಳ ಪ್ರಶ್ನೆಗೆ ಉತ್ತರ ಕೊಡಲಿಲ್ಲ.

ಆ ರಾತ್ರಿ ನನಗೆ ಪರಿಚಯವಿದ್ದ ವಕೀಲರ ಮನೆಗೆ ಹೋಗಿ ಕೇಳಿದೆ. ಅವರು ವಿವರಿಸಿದ್ದನ್ನು ಕೇಳಿ ನಾಚಿಕೆಯಿಂದ ಕುಗ್ಗಿಹೋದೆ. 1988ರ ಮೋಟಾರು ವಾಹನ ಕಾಯಿದೆಯಲ್ಲಿ ಆಗ 140ನೆಯ ಪ್ರಕರಣವೊಂದಿತ್ತು. ಯಾರ ತಪ್ಪು ಎಂಬ ಪ್ರಶ್ನೆಯನ್ನೇ ಎತ್ತದೆ, ಮೃತನ ಕುಟುಂಬಕ್ಕೆ ಮೊದಲ ಹಂತದಲ್ಲಿಯೇ 50,000 ರೂಪಾಯಿ ಕೊಡಬೇಕೆಂದು ಅದು ವಿಧಿಸುತ್ತಿತ್ತು. ನಾವು “ಮಾನವೀಯತೆ” ಎಂದು ಕೈಮುಗಿದು ಪಡೆದ ಅರವತ್ತು ಸಾವಿರ, ಕಾನೂನು ಕಣ್ಣುಮುಚ್ಚಿ ಕೊಡುತ್ತಿದ್ದ ಮೊತ್ತಕ್ಕಿಂತ ಹತ್ತೇ ಸಾವಿರ ಹೆಚ್ಚು! ಅದೇ ಕಾಯಿದೆಯ ಎರಡನೆಯ ಅನುಸೂಚಿಯಲ್ಲಿ ಒಂದು ಕೋಷ್ಟಕವೂ ಇತ್ತು. ತಿಂಗಳಿಗೆ ಮೂರು ಸಾವಿರದಂತೆ ವರ್ಷಕ್ಕೆ 36,000. ಅವನ ಸ್ವಂತ ಖರ್ಚೆಂದು ಮೂರನೆಯ ಒಂದು ಭಾಗ ಕಳೆದರೆ 24,000. ಮೂವತ್ತರಿಂದ ಮೂವತ್ತೈದು ವಯಸ್ಸಿನವರಿಗೆ ಗುಣಕ 17. ಇಪ್ಪತ್ತನಾಲ್ಕು ಸಾವಿರವನ್ನು ಹದಿನೇಳರಿಂದ ಗುಣಿಸಿದರೆ 4,08,000.

ಐದನೆಯ ತರಗತಿಯ ಗುಣಾಕಾರ. ಬಿ.ಎಡ್. ಮಾಡಿ, ಮೂವತ್ತು ವರ್ಷ ಗಣಿತ ಕಲಿಸಿದ ನಾನು ಆ ಜಗಲಿಯ ಮೇಲೆ ಮಾಡದೆ ಬಿಟ್ಟ ಲೆಕ್ಕ ಇದೊಂದೇ. ಆಗ ಅರ್ಜಿಗೆ ಕಾಲಮಿತಿಯೂ ಇರಲಿಲ್ಲ. 1994ರ ತಿದ್ದುಪಡಿ ಅದನ್ನು ತೆಗೆದುಹಾಕಿತ್ತು. 2013ರಲ್ಲಿಯೂ ಅರ್ಜಿ ಹಾಕಬಹುದಿತ್ತು. ಆದರೆ ತಾಯಿ ಒಪ್ಪಲಿಲ್ಲ. “ಹೂತಿದ್ದನ್ನ ಮತ್ತೆ ಅಗಿಯೋದು ಬೇಡ ಸಾರ್” ಎಂದು ಕೈಮುಗಿದಳು. ಅವಳನ್ನು ಒತ್ತಾಯಿಸುವ ಯೋಗ್ಯತೆ ನನಗಿರಲಿಲ್ಲ.

ಇನ್ನು ಈ ಜಗಲಿ ಪಂಚಾಯಿತಿಗಳಲ್ಲಿ ಪ್ರತಿ ಬಾರಿಯೂ ಕೇಳಿಬರುವ ನಾಲ್ಕು ವಾದಗಳನ್ನು ಒಂದೊಂದಾಗಿ ತೆಗೆದುಕೊಳ್ಳುತ್ತೇನೆ.

ಮೊದಲನೆಯದು, “ಹೆಣದ ದುಡ್ಡು ದಕ್ಕುವುದಿಲ್ಲ” ಎಂಬ ಮಾತು. ಪರಿಹಾರವೆಂಬುದು ಸತ್ತವನ ಬೆಲೆಯಲ್ಲ. ಅವನು ಬದುಕಿದ್ದರೆ ಮನೆಗೆ ತರುತ್ತಿದ್ದ ಅಕ್ಕಿಬೇಳೆ, ಮಕ್ಕಳ ಶುಲ್ಕ, ತಾಯಿಯ ಔಷಧಿ, ಇವುಗಳ ಮೊತ್ತ. ಅದನ್ನು ಕೇಳುವುದು ಹೆಣ ಮಾರಿದಂತಾದರೆ ವಿಧವಾ ಪಿಂಚಣಿ, ಜೀವವಿಮೆ ಎಲ್ಲವೂ ಹೆಣ ಮಾರಿದ ಹಣವೇ ಆಗಬೇಕು. 2010ರ ಮೇ 22ರಂದು ಮಂಗಳೂರಿನಲ್ಲಿ ದುಬೈನಿಂದ ಬಂದ ವಿಮಾನ ಕಮರಿಗೆ ಉರುಳಿ 158 ಮಂದಿ ಸತ್ತದ್ದು ನಿಮಗೆ ನೆನಪಿರಬಹುದು. ಅದರಲ್ಲಿ ಮಡಿದ ಒಬ್ಬ ಉದ್ಯೋಗಸ್ಥರ ಕುಟುಂಬ ಹತ್ತು ವರ್ಷ ಹೋರಾಡಿ, 2020ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟಿನಿಂದ 7.64 ಕೋಟಿ ರೂಪಾಯಿಗಳ ತೀರ್ಪು ಪಡೆಯಿತು. ಆ ಕುಟುಂಬದವರನ್ನು ಹೆಣ ಮಾರಿದವರೆಂದು ಯಾರಾದರೂ ಜರೆದದ್ದನ್ನು ನಾನು ಕೇಳಿಲ್ಲ. ಜರೆಯಲೂ ಬಾರದು; ಅವರು ಮಾಡಿದ್ದು ಸರಿ. ನನ್ನ ಪ್ರಶ್ನೆ ಇಷ್ಟೇ: ವಿಮಾನದಲ್ಲಿ ಸತ್ತವರ ಮನೆಯವರು ಕೇಳಿದರೆ ಹಕ್ಕು, ಮೊಪೆಡ್ಡಿನಲ್ಲಿ ಸತ್ತವನ ಹೆಂಡತಿ ಕೇಳಿದರೆ ಪಾಪವೇ? ಈ ಪಾಪದ ಮಾತನ್ನು ನಾವು ಯಾವಾಗಲೂ ಬಡವಿಯ ಮುಂದೆಯೇ ಏಕೆ ಆಡುತ್ತೇವೆ?

ಎರಡನೆಯದು, “ರಾಜಿ ಮಾಡಿಕೊಂಡರೆ ಕೇಸೇ ಇರುವುದಿಲ್ಲ, ಎರಡೂ ಕಡೆಗೂ ಒಳ್ಳೆಯದು” ಎಂಬ ಮಾತು. ಇದು ಶುದ್ಧ ಸುಳ್ಳು. ನಿರ್ಲಕ್ಷ್ಯದಿಂದ ಸಾವು ಉಂಟುಮಾಡುವುದು ಹಿಂದೆ ಭಾರತೀಯ ದಂಡ ಸಂಹಿತೆಯ 304ಎ ಪ್ರಕರಣದಡಿ ಅಪರಾಧವಾಗಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಪ್ರಕರಣದಲ್ಲಿದೆ. ಆಗಲೂ ಈಗಲೂ ಅದು ಕಕ್ಷಿಗಳು ತಾವೇ ರಾಜಿಮಾಡಿಕೊಂಡು ಮುಗಿಸಬಹುದಾದ ಅಪರಾಧವಲ್ಲ. ಹಾಗಾದರೆ ಲಾರಿ ಮಾಲೀಕ ಹಣ ಕೊಡುವುದು ಯಾತಕ್ಕೆ? ಕುಟುಂಬದವರು ಸಾಕ್ಷಿಗೆ ಬರಬಾರದು, ಬಂದರೂ ಬಾಯಿ ಬಿಡಬಾರದು, ಅದಕ್ಕೆ. ಆ ಹಣಕ್ಕೆ ಪರಿಹಾರ ಎಂಬ ಹೆಸರು ಒಪ್ಪುವುದಿಲ್ಲ. ಇನ್ನೊಂದು ಮಾತು. ಕ್ರಿಮಿನಲ್ ಮೊಕದ್ದಮೆ ಬೇರೆ, ಪರಿಹಾರದ ಅರ್ಜಿ ಬೇರೆ. ಚಾಲಕನಿಗೆ ಶಿಕ್ಷೆಯಾಗದಿದ್ದರೂ ಪರಿಹಾರ ಸಿಗಬಹುದು. ಸತ್ತವನದೂ ಸ್ವಲ್ಪ ತಪ್ಪಿತ್ತೆಂದು ಸಾಬೀತಾದರೆ ಆ ತಪ್ಪಿನ ಪ್ರಮಾಣದಷ್ಟು ಕಡಿತವಾಗುತ್ತದೆಯೇ ಹೊರತು ಎಲ್ಲವೂ ಹೋಗುವುದಿಲ್ಲ. ದೀಪವಿಲ್ಲದ ಮೊಪೆಡ್ಡಿನ ಹೆದರಿಕೆಗೆ ಅಂದು ನಾನು ಕೊಡಬಹುದಾಗಿದ್ದ ಉತ್ತರ ಇದು.

ಮೂರನೆಯದು, “ಕೋರ್ಟಿಗೆ ಹೋದರೆ ಮೊಮ್ಮಕ್ಕಳ ಕಾಲಕ್ಕೆ ತೀರ್ಪು” ಎಂಬುದು. ಇದರಲ್ಲಿ ಸತ್ಯಾಂಶವಿದೆ, ಅಲ್ಲಗಳೆಯಲಾರೆ. ವರ್ಷಗಟ್ಟಲೆ ಅಲೆದವರನ್ನು ನಾನೂ ಕಂಡಿದ್ದೇನೆ. ಆದರೆ ವಿಳಂಬಕ್ಕೆ ಮದ್ದು ಜಗಲಿಯ ಮೇಲಿನ ಛಾಪಾ ಕಾಗದವಲ್ಲ. ರಾಜಿಗೆ ನಾನು ವಿರೋಧಿಯಲ್ಲ. ಕತ್ತಲೆಯ ರಾಜಿಗೆ ವಿರೋಧಿ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಿ, ಅನಂತರ ಲೋಕ ಅದಾಲತ್ತಿನಲ್ಲಿ ವಿಮಾ ಕಂಪನಿಯೊಡನೆ ಕುಳಿತು ರಾಜಿಯಾಗಬಹುದು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ ನಿಯಮಗಳ ಪ್ರಕಾರ ಪೊಲೀಸರು ಅಪಘಾತದ ಮೊದಲ ವರದಿಯನ್ನು 48 ಗಂಟೆಗಳೊಳಗೆ, ವಿವರವಾದ ವರದಿಯನ್ನು 90 ದಿನಗಳೊಳಗೆ ನ್ಯಾಯಮಂಡಳಿಗೆ ಸಲ್ಲಿಸಬೇಕು. ವಿಮಾ ಕಂಪನಿ ತಾನಾಗಿಯೇ ಒಂದು ಮೊತ್ತವನ್ನು ಮುಂದಿಡಬೇಕು. ಕುಟುಂಬ ಒಪ್ಪಿದರೆ ನ್ಯಾಯಮಂಡಳಿ ಅದನ್ನು ದಾಖಲಿಸುತ್ತದೆ, ಒಪ್ಪದಿದ್ದರೆ ವಿಚಾರಣೆ ನಡೆಸುತ್ತದೆ. ಇಲ್ಲಿ ಹಣ ಕೊಡುವುದು ವಿಮಾ ಕಂಪನಿ, ನೋಡುವುದು ನ್ಯಾಯಾಧೀಶರು, ಜಮೆಯಾಗುವುದು ಬ್ಯಾಂಕಿಗೆ. ಇತ್ಯರ್ಥ ತಡವಾದರೆ ಅರ್ಜಿಯ ದಿನದಿಂದ ಬಡ್ಡಿ ಕೊಡಿಸುವ ಅಧಿಕಾರವೂ ನ್ಯಾಯಮಂಡಳಿಗಿದೆ. ಜಗಲಿಯ ಪಂಚಾಯಿತಿಯಲ್ಲಿ ಇವು ಯಾವುವೂ ಇಲ್ಲ.

ಆದರೆ ಎರಡು ಎಚ್ಚರಿಕೆಗಳು. ಲೋಕ ಅದಾಲತ್ತಿನ ರಾಜಿಯ ಮೇಲೆ ಮೇಲ್ಮನವಿ ಇಲ್ಲ. ಆದ್ದರಿಂದ ಲೆಕ್ಕ ಹಾಕದೆ ಅಲ್ಲಿ ತಲೆಯಾಡಿಸಬಾರದು. ಹಾಗೆಯೇ ಈಗಿನ 164ನೆಯ ಪ್ರಕರಣದಲ್ಲಿ, ತಪ್ಪು ಯಾರದೆಂದು ಸಾಧಿಸದೆಯೇ ಸಾವಿಗೆ ಐದು ಲಕ್ಷ ರೂಪಾಯಿ ಸಿಗುವ ದಾರಿಯಿದೆ. ಅದನ್ನು ಒಪ್ಪಿ ಪಡೆದರೆ ಹೆಚ್ಚಿನ ಪರಿಹಾರದ ಅರ್ಜಿ ಅಲ್ಲಿಗೇ ನಿಂತುಹೋಗುತ್ತದೆ. ಸಾಕ್ಷ್ಯವೇ ಇಲ್ಲದವರಿಗೆ ಅದು ಆಸರೆ, ಸಾಕ್ಷ್ಯವಿದ್ದವರಿಗೆ ನಷ್ಟ. ಟಿಪ್ಪರ್ ಮಾಲೀಕ ನಮ್ಮ ಮುಂದಿಟ್ಟ ಮೂರು ಲಕ್ಷವಂತೂ ಈ ಐದಕ್ಕಿಂತಲೂ ಕಡಿಮೆ ಎಂಬುದನ್ನು ಗಮನಿಸಿ. ಇಪ್ಪತ್ತು ವರ್ಷ ಕಳೆದರೂ ಜಗಲಿಯ ಔದಾರ್ಯ ಬದಲಾಗಿಲ್ಲ.

ನಾಲ್ಕನೆಯ ವಾದವನ್ನು ಯಾರೂ ಗಟ್ಟಿಯಾಗಿ ಆಡುವುದಿಲ್ಲ; ಹಿತ್ತಲಲ್ಲಿ ಪಿಸುಗುಡುತ್ತಾರೆ. “ಹಣವೆಲ್ಲ ಸೊಸೆಯ ಕೈಗೆ ಹೋದರೆ ಅವಳು ತವರಿಗೆ ಕಟ್ಟಿಕೊಂಡು ಹೋಗುತ್ತಾಳೆ, ಚಿಕ್ಕ ವಯಸ್ಸು, ನಾಳೆ ಇನ್ನೊಂದು ಮದುವೆಯಾದರೆ?” ಬಂಧುಗಳೇ, ಇಂತಹ ಎಷ್ಟೋ ಮನೆಗಳು ಒಡೆದದ್ದು ಲಾರಿಯಿಂದಲ್ಲ, ಈ ಪಿಸುಮಾತಿನಿಂದ. ಸೊಸೆಯ ಕಡೆಯವರು ಒಂದು ವಕೀಲರ ಬಳಿಗೆ, ಅತ್ತೆಯ ಕಡೆಯವರು ಇನ್ನೊಬ್ಬರ ಬಳಿಗೆ ಓಡುತ್ತಾರೆ. ಎದುರು ಪಕ್ಷದವರು ನೆಮ್ಮದಿಯಿಂದ ಕೂರುತ್ತಾರೆ.

ಕಾನೂನು ಇದಕ್ಕೆ ಮೊದಲೇ ದಾರಿ ಮಾಡಿದೆ. ಅರ್ಜಿ ಒಂದೇ, ಅದು ಎಲ್ಲ ವಾರಸುದಾರರ ಹಿತಕ್ಕಾಗಿ. ಯಾರಾದರೂ ಅರ್ಜಿದಾರರಾಗಿ ಸೇರದಿದ್ದರೆ ಅವರನ್ನು ಪ್ರತಿವಾದಿಗಳಾಗಿ ಸೇರಿಸಬೇಕು. ಯಾರನ್ನೂ ಬಿಟ್ಟು ಮುಚ್ಚಿಡುವಂತಿಲ್ಲ. ಯಾರು ಎಷ್ಟರಮಟ್ಟಿಗೆ ಮೃತನನ್ನು ಅವಲಂಬಿಸಿದ್ದರು ಎಂಬುದನ್ನು ನೋಡಿ ನ್ಯಾಯಮಂಡಳಿಯೇ ಪಾಲು ಹಂಚುತ್ತದೆ. ತಾಯಿಗೆ ಪಾಲಿದೆ. ಅಷ್ಟೇಕೆ, ಅಳಿಯನ ಆಸರೆಯಲ್ಲಿಯೇ ಬದುಕುತ್ತಿದ್ದ ಅತ್ತೆಯೂ ಪರಿಹಾರ ಕೇಳಬಹುದೆಂದು 2021ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ವಿಧವೆ ಮರುಮದುವೆಯಾದಳೆಂಬುದು ಪರಿಹಾರ ನಿರಾಕರಿಸಲು ಕಾರಣವಾಗದೆಂದು 2023ರಲ್ಲಿ ಬಾಂಬೆ ಹೈಕೋರ್ಟು ತೀರ್ಪಿತ್ತಿತು. ಮಕ್ಕಳ ಪಾಲನ್ನು ಅವರು ಪ್ರಾಪ್ತ ವಯಸ್ಕರಾಗುವವರೆಗೆ ನಿಶ್ಚಿತ ಠೇವಣಿಯಲ್ಲಿರಿಸಬೇಕೆಂಬ ಮಾರ್ಗಸೂಚಿಯನ್ನು ಕೇರಳದ ಸಾರಿಗೆ ಸಂಸ್ಥೆಯ ಪ್ರಕರಣವೊಂದರಲ್ಲಿ ಹಿಂದೆಯೇ ಸುಪ್ರೀಂ ಕೋರ್ಟು ನೀಡಿದೆ. ಬಡ್ಡಿ ಮನೆಖರ್ಚಿಗೆ, ಅಸಲು ಮಕ್ಕಳಿಗೆ. ಸೊಸೆಯೂ ಕಟ್ಟಿಕೊಂಡು ಹೋಗಲಾರಳು, ಚಿಕ್ಕಪ್ಪನೂ ಟ್ರ್ಯಾಕ್ಟರ್ ತರಲಾರ. ಮಕ್ಕಳ ಪರವಾಗಿ ರಾಜಿಯಾಗಬೇಕಾದರೂ ನ್ಯಾಯಾಲಯದ ಅನುಮತಿ ಬೇಕು. ಹೀಗೆ ಕಾನೂನು ಮಕ್ಕಳ ಸುತ್ತ ಬೇಲಿ ಕಟ್ಟಿದೆ. ಜಗಲಿಯ ಮೇಲೆ ಕುಳಿತ ನಾವು ಆ ಬೇಲಿಯನ್ನು ದಾಟಿಹೋಗುವ ಕಾಲುದಾರಿ ಹುಡುಕುತ್ತೇವೆ.

ಗೃಹಿಣಿಯ ಸಾವಿನ ವಿಷಯದಲ್ಲಂತೂ ನಮ್ಮ ಅಜ್ಞಾನಕ್ಕೆ ಮಿತಿಯಿಲ್ಲ. “ಅವಳಿಗೆ ಸಂಪಾದನೆಯೇ ಇರಲಿಲ್ಲವಲ್ಲ, ಏನೆಂದು ಕೇಳುವುದು?” ಎನ್ನುತ್ತಾರೆ. ಐದಕ್ಕೆ ಎದ್ದು ಹತ್ತಕ್ಕೆ ಮಲಗುವವಳಿಗೆ ಸಂಪಾದನೆಯಿಲ್ಲ! 1989ರಲ್ಲಿ ಜಮ್‌ಶೆಡ್‌ಪುರದ ಸಮಾರಂಭವೊಂದರ ಬೆಂಕಿಯಲ್ಲಿ ಮಡಿದವರ ಪ್ರಕರಣದಲ್ಲಿ, ಗೃಹಿಣಿಯರ ಸೇವೆಯನ್ನು ತಿಂಗಳಿಗೆ 3,000 ರೂಪಾಯಿಯೆಂದು 2001ರಲ್ಲಿ ಸುಪ್ರೀಂ ಕೋರ್ಟು ಲೆಕ್ಕ ಹಿಡಿದಿತ್ತು. ಗೃಹಿಣಿಗೂ ಒಂದು ಆದಾಯವನ್ನು ಅಂದಾಜಿಸಲೇಬೇಕೆಂಬುದನ್ನು 2021ರ ಜನವರಿಯಲ್ಲಿ ಮತ್ತೆ ಸ್ಪಷ್ಟಪಡಿಸಿತು. ನಮ್ಮ ಮನೆಗಳ ಗಂಡಸರು ಒಪ್ಪದ ಸತ್ಯವನ್ನು ನ್ಯಾಯಾಲಯ ಒಪ್ಪಿದೆ.

ಈಗ ಆ ಸಾಮಾನಿನ ಚೀಟಿಯ ಹಿಂಬದಿಯ ಲೆಕ್ಕಕ್ಕೆ ಬರೋಣ. ನೀವೂ ಪೆನ್ನು ಹಿಡಿಯಿರಿ. ಮೃತನ ದುಡಿಮೆ ತಿಂಗಳಿಗೆ 15,000. ಸ್ವಂತ ಉದ್ಯೋಗದ, ನಲವತ್ತರೊಳಗಿನ ವ್ಯಕ್ತಿಗೆ ಮುಂದಿನ ಏಳಿಗೆಯ ಲೆಕ್ಕದಲ್ಲಿ ಶೇಕಡ 40 ಸೇರಿಸಬೇಕೆಂದು 2017ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಅಲ್ಲಿಗೆ 21,000. ಅವಲಂಬಿತರು ನಾಲ್ವರು; ನಾಲ್ಕರಿಂದ ಆರು ಮಂದಿ ಇದ್ದರೆ ಮೃತನ ಸ್ವಂತ ಖರ್ಚಿಗೆಂದು ಕಾಲುಭಾಗ ಕಳೆಯಬೇಕೆಂಬುದು, ದೆಹಲಿ ಸಾರಿಗೆ ಸಂಸ್ಥೆಯ ಪ್ರಕರಣದಲ್ಲಿ 2009ರಲ್ಲಿ ಬಂದ ತೀರ್ಪು. ಉಳಿದದ್ದು 15,750. ವರ್ಷಕ್ಕೆ 1,89,000. ಅದೇ ತೀರ್ಪಿನ ಕೋಷ್ಟಕದಲ್ಲಿ 31ರಿಂದ 35 ವಯಸ್ಸಿನವರಿಗೆ ಗುಣಕ 16. ಗುಣಿಸಿದರೆ 30,24,000. ಸಾಂಗತ್ಯದ ನಷ್ಟ, ಅಂತ್ಯಕ್ರಿಯೆಯ ವೆಚ್ಚ ಮುಂತಾದವು ಇದರ ಮೇಲೆ. ದುಡಿಮೆಯನ್ನು ದಾಖಲೆಯಿಂದ ತೋರಿಸಲಾಗದಿದ್ದರೆ ಮೊತ್ತ ಇಳಿಯಬಹುದು. ಆದರೂ ಮೂವತ್ತು ಲಕ್ಷದ ಹಕ್ಕಿನ ಮುಂದೆ ಮೂರು ಲಕ್ಷ ಹಿಡಿದು ಬಂದವನಿಗೆ ನಾವು ಬಾಳೆಲೆ ಹಾಕಿ ಊಟ ಬಡಿಸಿದ್ದೆವು!

ಹಾಗಾದರೆ ಕುಟುಂಬ ಏನು ಮಾಡಬೇಕು? ಪಾಠದಂತೆಯೇ ಹೇಳುತ್ತೇನೆ, ಬೇಸರಿಸಬೇಡಿ.

ಮೊದಲನೆಯದಾಗಿ, ಹದಿಮೂರು ದಿನ ಕಳೆಯುವವರೆಗೆ ಯಾವ ಕಾಗದಕ್ಕೂ ಸಹಿ ಹಾಕಬಾರದು. ಖಾಲಿ ಕಾಗದಕ್ಕಂತೂ ಎಂದೆಂದಿಗೂ ಹಾಕಬಾರದು. ಎರಡನೆಯದಾಗಿ, ದಾಖಲೆಗಳನ್ನು ಒಟ್ಟುಮಾಡಬೇಕು: ಎಫ್.ಐ.ಆರ್., ಸ್ಥಳ ಮಹಜರು, ಮರಣೋತ್ತರ ಪರೀಕ್ಷೆಯ ವರದಿ, ದೋಷಾರೋಪಣೆ ಪಟ್ಟಿ, ಮರಣ ಪ್ರಮಾಣ ಪತ್ರ, ಗುದ್ದಿದ ವಾಹನದ ವಿಮೆಯ ವಿವರ, ವಂಶವೃಕ್ಷ, ದುಡಿಮೆಗೆ ಸಂಬಂಧಿಸಿದ ಯಾವುದೇ ಚೀಟಿ, ಬ್ಯಾಂಕ್ ಪುಸ್ತಕ. ವಯಸ್ಸಿನ ದಾಖಲೆ ಬಹಳ ಮುಖ್ಯ, ಏಕೆಂದರೆ ಗುಣಕ ನಿಂತಿರುವುದು ಅದರ ಮೇಲೆ. ಆಧಾರ್ ಕಾರ್ಡು ಜನ್ಮದಿನಾಂಕಕ್ಕೆ ಪುರಾವೆಯಲ್ಲವೆಂದು ಹೇಳಿ, ಶಾಲೆ ಬಿಟ್ಟ ಪ್ರಮಾಣಪತ್ರದ ದಿನಾಂಕವನ್ನು 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಮಾನ್ಯ ಮಾಡಿತು. ಹೆತ್ತವರಿಗೆ ದಿನಾಂಕ ನೆನಪಿಲ್ಲದಿದ್ದಾಗ ಅಂದಾಜಿಗೆ ಜೂನ್ ಒಂದು ಎಂದು ಬರೆದುಕೊಳ್ಳುತ್ತಿದ್ದ ನಮ್ಮಂತಹ ಮೇಷ್ಟ್ರುಗಳು ಈ ಮಾತನ್ನು ಎರಡು ಬಾರಿ ಓದಬೇಕು.

ಮೂರನೆಯದಾಗಿ, ಆರು ತಿಂಗಳೊಳಗೆ ಅರ್ಜಿ ಹಾಕಬೇಕು. 1994ರಲ್ಲಿ ಹೋಗಿದ್ದ ಕಾಲಮಿತಿ 2022ರ ಏಪ್ರಿಲ್‌ನಿಂದ ಮರಳಿ ಬಂದಿದೆ. ಅದನ್ನು ಪ್ರಶ್ನಿಸಿದ ಅರ್ಜಿಗಳಲ್ಲಿ, ತಡವಾಯಿತೆಂಬ ಕಾರಣಕ್ಕೆ ವಜಾ ಮಾಡಬಾರದೆಂದು 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಮಧ್ಯಂತರ ಆದೇಶ ನೀಡಿತು. ಆದರೆ ಮಧ್ಯಂತರ ಆದೇಶವನ್ನು ನೆಚ್ಚಿ ಮಲಗುವುದು ಜಾಣತನವಲ್ಲ. ಅಪಘಾತ ಎಲ್ಲಿಯೇ ಆಗಿರಲಿ, ನೀವು ವಾಸಿಸುವ ಸ್ಥಳದ ನ್ಯಾಯಮಂಡಳಿಯಲ್ಲಿಯೇ ಅರ್ಜಿ ಹಾಕಬಹುದು. ನಾಲ್ಕನೆಯದಾಗಿ, ಹಣವಿಲ್ಲವೆಂದು ಹಿಂಜರಿಯಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ದೊರೆಯುತ್ತದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿಯೇ ಅದರ ಸಮಿತಿಯನ್ನು ವಿಚಾರಿಸಿ. ಆಸ್ಪತ್ರೆಯ ಬಾಗಿಲಲ್ಲಿಯೇ ಬಂದು, “ಬಂದದ್ದರಲ್ಲಿ ಕಾಲುಭಾಗ ಕೊಡಿ, ಎಲ್ಲ ನಾವೇ ನೋಡಿಕೊಳ್ಳುತ್ತೇವೆ” ಎನ್ನುವವರನ್ನು ದೂರವಿಡಿ. ಗೆದ್ದ ಹಣದಲ್ಲಿ ಪಾಲು ಎಂದು ಶುಲ್ಕ ಗೊತ್ತುಮಾಡಿಕೊಳ್ಳುವುದು ವಕೀಲರಿಗೆ ಅವರ ವೃತ್ತಿ ನಿಯಮದಲ್ಲಿಯೇ ನಿಷಿದ್ಧ.

ಎಲ್ಲ ಸಾವುಗಳೂ ರಸ್ತೆಯಲ್ಲಿ ಆಗುವುದಿಲ್ಲ, ನಿಜ. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೂ ಸಾವಿಗೆ ಎರಡು ಲಕ್ಷ ಕೊಡುವ ಯೋಜನೆ 2022ರಿಂದ ಇದೆ. ದುಡಿಮೆಯ ಸ್ಥಳದಲ್ಲಿ ಸತ್ತ ಕಾರ್ಮಿಕನ ಕುಟುಂಬಕ್ಕೆ 1923ರಿಂದಲೂ ಕಾನೂನಿನ ರಕ್ಷಣೆಯುಂಟು. ಆ ನಿಯಮಗಳು ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. ತುಂಡಾಗಿ ಬಿದ್ದ ವಿದ್ಯುತ್ ತಂತಿ ತುಳಿದು ಸತ್ತರೆ ಅಂತಹ ಅಪಾಯಕಾರಿ ಸರಬರಾಜು ನಡೆಸುವ ಸಂಸ್ಥೆಯೇ ಹೊಣೆಯೆಂದು ಮಧ್ಯಪ್ರದೇಶದ ವಿದ್ಯುತ್ ಮಂಡಳಿಯ ಪ್ರಕರಣದಲ್ಲಿ 2002ರಲ್ಲಿ ತೀರ್ಪಾಗಿದೆ. ಇನ್ನಾವುದೇ ನಿರ್ಲಕ್ಷ್ಯದ ಸಾವಿಗೆ, ಹೆಂಡತಿ, ಗಂಡ, ತಂದೆತಾಯಿ, ಮಕ್ಕಳ ಹಿತಕ್ಕಾಗಿ ಸಿವಿಲ್ ದಾವೆ ಹೂಡಲು 1855ರ ಮಾರಕ ಅಪಘಾತಗಳ ಕಾಯಿದೆ ಇದೆ. ಅದಕ್ಕೆ ಸಾವಿನ ದಿನದಿಂದ ಎರಡು ವರ್ಷಗಳ ಕಾಲಮಿತಿ. ಬ್ರಿಟಿಷರ ಕಾಲದ ಕಾನೂನಿಗೂ ಕಂಡ ಅನಾಥ ಮಕ್ಕಳು ನಮ್ಮ ಜಗಲಿಯ ಹಿರಿಯರಿಗೆ ಕಾಣದಿರುವುದು ವಿಷಾದದ ಸಂಗತಿ.

ನ್ಯಾಯಮಂಡಳಿಗೆ ಹೋಗುವ ಮೊದಲು ಮನೆಯೊಳಗೆ ಆಗಬೇಕಾದ ಒಂದು ರಾಜಿ ಇದೆ. ಅದೇ ನಿಜವಾದ ರಾಜಿ. ಎಲ್ಲರೂ ಒಂದೆಡೆ ಕೂರಬೇಕು. ಬಾಗಿಲ ಸಂದಿಯಲ್ಲಿ ನಿಂತವಳನ್ನು ಕರೆದು ಚಾಪೆಯ ಮೇಲೆ ಕೂರಿಸಬೇಕು. ಮಕ್ಕಳ ಪಾಲನ್ನು ಯಾರೂ ಮುಟ್ಟುವುದಿಲ್ಲವೆಂದು, ತಾಯಿಯನ್ನು ಯಾರೂ ಕೈಬಿಡುವುದಿಲ್ಲವೆಂದು ಅವಳ ಎದುರಿಗೇ ಮಾತಾಗಬೇಕು. ಒಂದೇ ಅರ್ಜಿ, ಒಬ್ಬರೇ ವಕೀಲರು, ಪ್ರತಿಯೊಬ್ಬರ ಹೆಸರಿನಲ್ಲಿ ಪ್ರತ್ಯೇಕ ಬ್ಯಾಂಕ್ ಖಾತೆ. ಇಷ್ಟಾದರೆ ಅರ್ಧ ಮೊಕದ್ದಮೆ ಗೆದ್ದಂತೆ.

ಕಳೆದ ತಿಂಗಳು ಆ ಮನೆಯಲ್ಲಿ ಕೊನೆಗೆ ಏನಾಯಿತೆಂದು ಕೆಲವರು ಕೇಳಬಹುದು. ಮಾರನೆಯ ದಿನ ಸಹಿಯಾಗಲಿಲ್ಲ. ಅರ್ಜಿಯ ಕಾಗದಗಳು ತಯಾರಾಗುತ್ತಿವೆ. ಇಬ್ಬರು ಹಿರಿಯರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಅವರು ಇದನ್ನು ಓದುತ್ತಿದ್ದರೆ ನನ್ನ ನಮಸ್ಕಾರಗಳು. ಎಷ್ಟು ಬರುತ್ತದೆ, ಯಾವಾಗ ಬರುತ್ತದೆ ಎಂದು ನಾನು ಹೇಳಲಾರೆ. ಆದರೆ ಹತ್ತು ವರ್ಷಗಳ ಮೇಲೆ ಆ ಮಕ್ಕಳು ನನ್ನ ಮುಂದೆ ನಿಂತು “ಅವತ್ತು ನೀವೂ ಅಲ್ಲಿದ್ರಂತಲ್ಲ” ಎಂದು ಕೇಳಿದರೆ, ಈ ಬಾರಿ ಉತ್ತರವಿದೆ.

ತರಗತಿಯಲ್ಲಿ ನಿಮಗೆಲ್ಲ “ಮಾತು ಬೆಳ್ಳಿ, ಮೌನ ಬಂಗಾರ” ಎಂಬ ಗಾದೆಯನ್ನು ಎಷ್ಟೋ ಬಾರಿ ಹೇಳಿದ್ದೇನೆ. ಈಗ ಅದಕ್ಕೊಂದು ತಿದ್ದುಪಡಿ: ಜಗಲಿಯ ಮೇಲೆ ಓದಿದವನ ಮೌನ ಬಂಗಾರವಲ್ಲ, ಅದು ಎದುರು ಪಕ್ಷದವನಿಗೆ ಕೊಟ್ಟ ರಿಯಾಯಿತಿ. ನೀವೆಲ್ಲ ಓದಿದವರು. ಇಂದಲ್ಲ ನಾಳೆ ನಿಮ್ಮನ್ನೂ ಯಾರಾದರೂ ಇಂತಹ ಜಗಲಿಗೆ ಕರೆದು, “ನೀವೇನಂತೀರಿ?” ಎಂದು ಕೇಳುತ್ತಾರೆ. ಆಗ ಪೆನ್ನು ತೆಗೆಯಿರಿ. ಹೆಣದ ಮುಂದೆ ಲೆಕ್ಕ ಹಾಕುವವರೆಂದು ಜನ ಆಡಿಕೊಂಡರೆ ಆಡಿಕೊಳ್ಳಲಿ. ಲೆಕ್ಕ ಕಲಿಸಿದವನು ನಾನೇ ಎಂದು ಧೈರ್ಯವಾಗಿ ಹೇಳಿ.

ಇಂತಿ ನಿಮ್ಮ ಮೇಷ್ಟ್ರು.